ಕೀವಿನ ಕಲ್ಚರ್ ವರದಿಯಲ್ಲಿ ಎಂಆರ್‌ಎಸ್‌ಎ: ಯಾವ ಸಾಲನ್ನು ಹೇಗೆ ಓದಬೇಕು?

ಮದ್ದಿನಂಗಡಿ ಕೇಳಿದ್ದು:

ಡಾಕ್ಟರ ಚೀಟಿಯ ಜೊತೆ ಕಲ್ಚರ್ ವರದಿಯನ್ನೂ (ಕೀವಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಯಾವುದು, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಲ್ಯಾಬ್ ವರದಿ) ಕೌಂಟರ್ ಮೇಲಿಟ್ಟು "ಇದ್ರಲ್ಲಿ ಯಾವ್ದು ಸ್ಟ್ರಾಂಗೋ ಅದನ್ನೇ ಕೊಡಿ" ಅನ್ನುವವರು ಜಾಸ್ತಿಯಾಗಿದ್ದಾರೆ. ತಾಲ್ಲೂಕು ಮಟ್ಟದ ಔಷಧಿ ಅಂಗಡಿಯವರಿಗಾಗಿ ಎರಡು ಪುಟದ ಕನ್ನಡ ಟಿಪ್ಪಣಿಯೊಂದನ್ನು ಮಾಡುತ್ತಿದ್ದೇವೆ. ಅದಕ್ಕಾಗಿ ಈ ಪ್ರಶ್ನೆಗಳು. ಕೆಳಗಿರುವುದು ಮಾದರಿ ವರದಿ (ಎಸ್ ಅಂದರೆ ಆ ಔಷಧಕ್ಕೆ ಬಗ್ಗುತ್ತದೆ, ಆರ್ ಅಂದರೆ ಬಗ್ಗುವುದಿಲ್ಲ; ಎಂಆರ್‌ಎಸ್‌ಎ ಅಂದರೆ ಮೆಥಿಸಿಲಿನ್ ಎಂಬ ಔಷಧಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ):

ಮಾದರಿ: ಕೀವು, ಎಡ ತೊಡೆ, ಸ್ವಾಬ್
ಬೆಳೆದದ್ದು: ಸ್ಟ್ಯಾಫಿಲೊಕಾಕಸ್ ಆರಿಯಸ್
ಸೆಫಾಕ್ಸಿಟಿನ್ ಸ್ಕ್ರೀನ್: ಪಾಸಿಟಿವ್ (ಎಂಆರ್‌ಎಸ್‌ಎ)
ಅಮಾಕ್ಸಿಸಿಲಿನ್-ಕ್ಲಾವುಲನೇಟ್: ಎಸ್
ಸಿಪ್ರೊಫ್ಲಾಕ್ಸಸಿನ್: ಆರ್
ಜೆಂಟಾಮೈಸಿನ್: ಆರ್
ಎರಿಥ್ರೊಮೈಸಿನ್: ಆರ್
ಕ್ಲಿಂಡಾಮೈಸಿನ್: ಎಸ್
ಕೋಟ್ರೈಮಾಕ್ಸಜೋಲ್: ಎಸ್
ಡಾಕ್ಸಿಸೈಕ್ಲಿನ್: ಎಸ್
ರಿಫಾಂಪಿಸಿನ್: ಎಸ್
ಲಿನೆಜೊಲಿಡ್: ಎಸ್
ವ್ಯಾಂಕೊಮೈಸಿನ್: ಎಸ್ (ಡಿಸ್ಕ್, 17 ಮಿ.ಮೀ.)

ಎಂಆರ್‌ಎಸ್‌ಎ ಅಂತಲೂ ಇದೆ, ಅಮಾಕ್ಸಿಕ್ಲಾವ್‌ಗೆ ಎಸ್ ಅಂತಲೂ ಇದೆ. ಯಾವುದನ್ನು ನಂಬುವುದು? ಇಷ್ಟೊಂದು ಎಸ್ ಇರುವಾಗ ಆಯ್ಕೆ ಯಾವ ಲೆಕ್ಕದಲ್ಲಿ ನಡೆಯುತ್ತದೆ? ಕುರು ಕೊಯ್ದು ಕೀವು ತೆಗೆದಾದ ಮೇಲೂ ಮಾತ್ರೆ ಬೇಕೇ? ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಏಳುತ್ತಿದ್ದರೆ ಏನು ಹೇಳಿ ಕಳಿಸಬೇಕು? "ಉಷ್ಣ ಆಗಿದೆ, ಮಾವಿನಹಣ್ಣು ಜಾಸ್ತಿ ತಿಂದಿದ್ದಕ್ಕೆ" ಅನ್ನುವ ಮಾತಿಗೂ ಒಂದು ಉತ್ತರ ಬೇಕು.

---

ಅಗರ್ ತಟ್ಟೆ (ಸೂಕ್ಷ್ಮಜೀವಿ ವಿಭಾಗ) ಉತ್ತರ:

ತಪ್ಪಿರುವುದು ಅಮಾಕ್ಸಿಕ್ಲಾವ್ ಸಾಲು. ಸೆಫಾಕ್ಸಿಟಿನ್ ಸ್ಕ್ರೀನ್ ಪಾಸಿಟಿವ್ ಅಂದಮೇಲೆ ಪೆನಿಸಿಲಿನ್ ಬಳಗದ ಔಷಧಕ್ಕೆ ಎಸ್ ಬರೆಯುವಂತಿಲ್ಲ. ತಟ್ಟೆಯ ಮೇಲೆ ಔಷಧದ ಡಿಸ್ಕ್ (ಪುಟ್ಟ ಬಿಲ್ಲೆ) ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಎಷ್ಟೇ ಅಗಲವಾಗಿ ಕಂಡರೂ ಆರ್ ಎಂದೇ ಕೊಡಬೇಕು, ಇಲ್ಲವೇ ಆ ಸಾಲನ್ನು ಕೈಬಿಡಬೇಕು. ಅಮಾಕ್ಸಿಕ್ಲಾವ್, ಕ್ಲಾಕ್ಸಸಿಲಿನ್, ಸೆಫಲೆಕ್ಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್, ಮೆರೊಪೆನೆಮ್ ಎಲ್ಲಕ್ಕೂ ಇದೇ ನಿಯಮ. ಹೊರತಾದವು ಸೆಫ್ಟರೊಲಿನ್ ಮತ್ತು ಸೆಫ್ಟೊಬಿಪ್ರೋಲ್, ಅವೂ ಇಂಜೆಕ್ಷನ್‌ಗಳೇ. ಮೆರೊಪೆನೆಮ್ ಅಂಥ ದುಬಾರಿ ಔಷಧವೂ ಎಂಆರ್‌ಎಸ್‌ಎ ಮುಂದೆ ನೀರಿದ್ದಂತೆ ಅನ್ನುವುದನ್ನು ಟಿಪ್ಪಣಿಯಲ್ಲಿ ದಪ್ಪಕ್ಷರದಲ್ಲೇ ಹಾಕಿ.

ಗೊಂದಲ ಎಲ್ಲಿಂದ ಬರುತ್ತದೆಂದರೆ, ಆರಿಯಸ್‌ಗೆ ಪೆನಿಸಿಲಿನ್‌ನಿಂದ ತಪ್ಪಿಸಿಕೊಳ್ಳಲು ಎರಡು ಬೇರೆ ಬೇರೆ ದಾರಿಗಳಿವೆ. ಒಂದು, ಪೆನಿಸಿಲಿನೇಸ್ ಎಂಬ ಕಿಣ್ವ ಬಿಟ್ಟು ಔಷಧವನ್ನೇ ತುಂಡರಿಸುವುದು. ಕ್ಲಾವುಲನೇಟ್ ತಡೆಯುವುದು ಈ ಕಿಣ್ವವನ್ನು ಮಾತ್ರ. ಇನ್ನೊಂದು, ಮೆಕ್-ಎ ಎಂಬ ವಂಶವಾಹಿಯನ್ನು ಪಡೆದು ಪಿಬಿಪಿ-2ಎ ಎಂಬ ಹೊಸ ಪ್ರೋಟೀನ್ ತಯಾರಿಸಿಕೊಳ್ಳುವುದು. ಕೋಶದ ಗೋಡೆ ಕಟ್ಟುವ ಮಾಮೂಲಿ ಪ್ರೋಟೀನಿಗೆ ಔಷಧ ಅಂಟಿಕೊಂಡು ಕೆಲಸ ನಿಲ್ಲಿಸಿದರೂ ಈ ಹೊಸದಕ್ಕೆ ಅದು ಅಂಟುವುದಿಲ್ಲ, ಹಾಗಾಗಿ ಗೋಡೆ ಕಟ್ಟುವ ಕೆಲಸ ನಡೆಯುತ್ತಲೇ ಇರುತ್ತದೆ. ಎಂಆರ್‌ಎಸ್‌ಎ ಅಂದರೆ ಈ ಎರಡನೆಯ ದಾರಿ. ಅಲ್ಲಿ ಕ್ಲಾವುಲನೇಟ್ ಸೇರಿಸಿ ಪ್ರಯೋಜನವಿಲ್ಲ. ಕಿಣ್ವದ ಕಾಟ ತಪ್ಪಿಸಲೆಂದೇ ಮೆಥಿಸಿಲಿನ್ 1959ರಲ್ಲಿ ಬ್ರಿಟನ್ನಿನಲ್ಲಿ ಬಂತು, 1961ರಲ್ಲಾಗಲೇ ಅದಕ್ಕೂ ಬಗ್ಗದ ತಳಿಗಳನ್ನು ಪ್ಯಾಟ್ರಿಷಿಯಾ ಜೆವನ್ಸ್ ಅಲ್ಲೇ ವರದಿ ಮಾಡಿದರು. ಮೆಥಿಸಿಲಿನ್ ಈಗ ಬಳಕೆಯಲ್ಲೇ ಇಲ್ಲ, ಅಂಗಡಿಯಲ್ಲಿ ಹುಡುಕಬೇಡಿ. ಸೆಫಾಕ್ಸಿಟಿನ್ ಕೂಡ ಇಲ್ಲಿ ಪರೀಕ್ಷೆಯ ಸಾಧನವಷ್ಟೆ, ಚಿಕಿತ್ಸೆಗಲ್ಲ. 30 ಮೈಕ್ರೋಗ್ರಾಂ ಡಿಸ್ಕ್ ಸುತ್ತ ವಲಯ 21 ಮಿ.ಮೀ. ಅಥವಾ ಕಡಿಮೆ ಇದ್ದರೆ ಎಂಆರ್‌ಎಸ್‌ಎ, 22 ಅಥವಾ ಹೆಚ್ಚಿದ್ದರೆ ಅಲ್ಲ.

ನಮ್ಮ ಕಡೆಯ ಲ್ಯಾಬ್‌ಗಳಲ್ಲಿ ಒಂದು ವಿಷಯಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಈ ಪರೀಕ್ಷೆಯ ತಟ್ಟೆಯನ್ನು 33ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು. 35 ದಾಟಿದರೆ ಮೆಕ್-ಎ ಇರುವ ತಳಿಯೂ ಎಸ್ ಎಂದು ಕಾಣಿಸಿಕೊಂಡುಬಿಡಬಹುದು. ಸಾಮಾನ್ಯ ಇನ್‌ಕ್ಯುಬೇಟರ್‌ಗೆ ಬಿಸಿ ಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ಏಪ್ರಿಲ್-ಮೇನಲ್ಲಿ ರಾಯಚೂರು, ಕಲಬುರಗಿಯ ಎ.ಸಿ. ಇಲ್ಲದ ಕೋಣೆ 38ಕ್ಕೆ ಹೋದರೆ ಒಳಗಿನ ತಟ್ಟೆಯೂ 38ರಲ್ಲೇ ಇರುತ್ತದೆ, ಮುಂಭಾಗದ ಡಯಲ್ ಏನೇ ತೋರಿಸಲಿ. ಒಳಗೊಂದು ಥರ್ಮಾಮೀಟರ್ ಇಟ್ಟು ದಿನಕ್ಕೆ ಎರಡು ಸಲ ಬರೆದಿಡುವುದು, ಬೇಸಿಗೆಯಲ್ಲಿ ಕೋಣೆಗೆ ಎ.ಸಿ. ಹಾಕುವುದು, ಇಲ್ಲವೇ ಕೂಲಿಂಗ್ ಇರುವ ಇನ್‌ಕ್ಯುಬೇಟರ್ ಕೊಳ್ಳುವುದು: ಇಷ್ಟೇ ದಾರಿ. ಫ್ರಿಜ್‌ನಿಂದ ತೆಗೆದ ಡಿಸ್ಕ್ ಡಬ್ಬಿಯನ್ನು ಕೋಣೆಯ ಶಾಖಕ್ಕೆ ಬರುವ ಮೊದಲೇ ತೆರೆದರೆ ಡಿಸ್ಕ್ ಮೇಲೆ ನೀರು ಕೂತು ಔಷಧದ ಶಕ್ತಿ ಕುಂದುತ್ತದೆ. ಪ್ರತಿ ವಾರ ಎಟಿಸಿಸಿ 25923 ಎಂಬ, ಗುಣಮಟ್ಟ ಪರೀಕ್ಷೆಗೆಂದೇ ಇರುವ ಆರಿಯಸ್ ತಳಿಯನ್ನು ಹಾಕಿ ನೋಡಿ. ಸೆಫಾಕ್ಸಿಟಿನ್ ವಲಯ 23ರಿಂದ 29 ಮಿ.ಮೀ. ಒಳಗೆ ಬರದಿದ್ದರೆ ಆ ವಾರದ ರೋಗಿಗಳ ವರದಿಯನ್ನು ಹೊರಗೆ ಬಿಡಬಾರದು.

ಇನ್ನು ಕ್ಲಿಂಡಾಮೈಸಿನ್ ಎಸ್. ಎರಿಥ್ರೊ ಆರ್, ಕ್ಲಿಂಡಾ ಎಸ್ ಎಂದು ಜೋಡಿಯಾಗಿ ಕಂಡರೆ ಡಿ-ಟೆಸ್ಟ್ ಮಾಡದೆ ಆ ಎಸ್ ಅನ್ನು ನಂಬಬೇಡಿ. ಎರಿಥ್ರೊ 15 ಮೈಕ್ರೋಗ್ರಾಂ ಡಿಸ್ಕ್ ಮತ್ತು ಕ್ಲಿಂಡಾ 2 ಮೈಕ್ರೋಗ್ರಾಂ ಡಿಸ್ಕ್ ಎರಡನ್ನೂ 15ರಿಂದ 26 ಮಿ.ಮೀ. ಅಂತರದಲ್ಲಿ ಇಡುತ್ತಾರೆ. ಕ್ಲಿಂಡಾ ವಲಯ ಎರಿಥ್ರೊ ಕಡೆಗೆ ಚಪ್ಪಟೆಯಾಗಿ ಇಂಗ್ಲಿಷಿನ ಡಿ ಅಕ್ಷರದಂತೆ ಕಂಡರೆ ಪಾಸಿಟಿವ್. ಅಂದರೆ ಎರ್ಮ್ ವಂಶವಾಹಿ ಸುಮ್ಮನೆ ಕೂತಿದೆ, ಚಿಕಿತ್ಸೆಯ ನಡುವೆ ಎದ್ದುಬಿಡಬಹುದು. ಆಗ ಕ್ಲಿಂಡಾ ಆರ್ ಎಂದೇ ವರದಿಯಾಗಬೇಕು. ನೀವು ಕೊಟ್ಟ ಮಾದರಿಯಲ್ಲಿ ಡಿ-ಟೆಸ್ಟ್ ಸಾಲೇ ಇಲ್ಲ. ಲ್ಯಾಬ್‌ಗೆ ಫೋನ್ ಮಾಡಿ ಕೇಳಬೇಕಾದ ಮೊದಲ ಪ್ರಶ್ನೆ ಅದು.

ವ್ಯಾಂಕೊಮೈಸಿನ್ 17 ಮಿ.ಮೀ. ಎಂಬುದಕ್ಕೂ ಅರ್ಥವಿಲ್ಲ. ದೊಡ್ಡ ಅಣುವಾದ್ದರಿಂದ ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಮಧ್ಯಮ ಪ್ರತಿರೋಧದ ತಳಿ, ಅಂದರೆ ವೀಸಾ, ಡಿಸ್ಕ್‌ನಲ್ಲಿ ಎಸ್‌ನಂತೆಯೇ ಕಾಣುತ್ತದೆ. ಎಂಐಸಿ (ಬೆಳವಣಿಗೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ) ಬೇಕು, ಅದೂ ಬ್ರಾತ್ ಮೈಕ್ರೊಡೈಲ್ಯೂಷನ್ (ದ್ರವದಲ್ಲಿ ಔಷಧವನ್ನು ಹಂತಹಂತವಾಗಿ ತೆಳುಮಾಡಿ ನೋಡುವ ಕ್ರಮ) ಅಥವಾ ಒಪ್ಪಿತ ಯಂತ್ರದಲ್ಲಿ ತೆಗೆದದ್ದು. ಮಿ.ಲೀ.ಗೆ 2 ಮೈಕ್ರೋಗ್ರಾಂ ಅಥವಾ ಕಡಿಮೆ ಎಸ್, 4ರಿಂದ 8 ವೀಸಾ, 16 ಮತ್ತು ಮೇಲೆ ಪೂರ್ತಿ ಪ್ರತಿರೋಧದ ತಳಿ, ಅಂದರೆ ವಿಆರ್‌ಎಸ್‌ಎ. ಡಿಸ್ಕ್ ನೋಡಿ ವಿಆರ್‌ಎಸ್‌ಎ ಎಂದು ಬರೆದುಕೊಟ್ಟ ವರದಿಗಳೂ ಓಡಾಡುತ್ತವೆ. ನಿಜವಾದ ವಿಆರ್‌ಎಸ್‌ಎ ಬಹಳ ಅಪರೂಪ, ಬಂದರೆ ತಳಿಯನ್ನು ರೆಫರೆನ್ಸ್ ಲ್ಯಾಬ್‌ಗೆ ಕಳಿಸಿ ಖಚಿತ ಮಾಡಿಸದೆ ಯಾರೂ ಸಹಿ ಹಾಕಬಾರದು.

ಮತ್ತೆ, "ಯಾವುದರ ವಲಯ ದೊಡ್ಡದೋ ಅದು ಸ್ಟ್ರಾಂಗ್" ಎಂಬ ಲೆಕ್ಕ ಬೇಡ. ಪ್ರತಿ ಡಿಸ್ಕ್‌ನಲ್ಲಿರುವ ಔಷಧದ ಪ್ರಮಾಣ ಬೇರೆ, ಹರಡುವ ವೇಗ ಬೇರೆ, ಗಡಿ ಅಳತೆಯೂ ಬೇರೆ. ಒಂದಕ್ಕೆ 28, ಇನ್ನೊಂದಕ್ಕೆ 18 ಬಂದರೂ ಎರಡೂ ಸಮಾನವಾಗಿ ಎಸ್ ಆಗಿರಬಹುದು.

ಸಿಪ್ರೊ, ಜೆಂಟಾ, ಎರಿಥ್ರೊ ಮೂರೂ ಆರ್ ಆಗಿರುವ ಈ ಚಹರೆ ನಮ್ಮ ಉಪಖಂಡದಲ್ಲಿ ಹಬ್ಬಿರುವ ಎಸ್‌ಟಿ-772, ಅಂದರೆ ಬೆಂಗಾಲ್ ಬೇ ಕ್ಲೋನ್‌ಗೆ ಹೊಂದುತ್ತದೆ. ಆಸ್ಪತ್ರೆಯ ಮೆಟ್ಟಿಲು ಹತ್ತದವರಲ್ಲೂ ಕುರು ಎಬ್ಬಿಸುವ ತಳಿ ಅದು. ಆದರೆ ವಂಶವಾಹಿ ಓದದೆ ಹಾಗೆಂದು ಹೇಳಲಾಗದು, ಚಿಕಿತ್ಸೆಗೆ ಅದರ ಅಗತ್ಯವೂ ಇಲ್ಲ.

---

ಕತ್ತರಿ ಚಿಮಟ (ಶಸ್ತ್ರಚಿಕಿತ್ಸೆ) ಉತ್ತರ:

ವರದಿಯ ಚರ್ಚೆ ಸರಿ. ಆದರೆ ತೊಡೆಯ ಕುರುವಿಗೆ ಮೊದಲ ಔಷಧ ಬ್ಲೇಡು. ಕೀವಿನ ಗೂಡಿನ ನಡುವೆ ರಕ್ತನಾಳವಿಲ್ಲ, ಮಾತ್ರೆ ಅಲ್ಲಿಗೆ ತಲುಪುವುದೇ ಕಷ್ಟ. ತಲುಪಿದರೂ ಕೀವಿನ ಆಮ್ಲೀಯತೆ ಮತ್ತು ಕೋಟಿಗಟ್ಟಲೆ ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ ಅದರ ಕೆಲಸ ಕೆಡಿಸುತ್ತವೆ. ಕೋಟ್ರೈಮಾಕ್ಸಜೋಲ್‌ಗೆ ಇನ್ನೂ ಒಂದು ತೊಡಕು: ಸತ್ತ ಜೀವಕೋಶಗಳಿಂದ ಹೊರಬೀಳುವ ಥೈಮಿಡಿನ್ ಅನ್ನು ಆರಿಯಸ್ ಬಳಸಿಕೊಂಡು ಔಷಧದ ಏಟಿನಿಂದ ಜಾರಿಕೊಳ್ಳುತ್ತದೆ. ಕೀವು ಒಳಗೇ ಇಟ್ಟು ಕೋಟ್ರೈಮಾಕ್ಸಜೋಲ್ ಕೊಟ್ಟರೆ "ವರದಿಯಲ್ಲಿ ಎಸ್ ಇತ್ತಲ್ಲ" ಅನ್ನುವ ದೂರು ಖಾತ್ರಿ.

ಕುರು ಹಣ್ಣಾಗಿದೆಯೇ ಎಂದು ಎರಡು ಬೆರಳಿಟ್ಟು ನೋಡಬೇಕು. ಒಂದು ಬೆರಳಲ್ಲಿ ಒತ್ತಿದರೆ ಇನ್ನೊಂದಕ್ಕೆ ಅಲೆ ತಾಗುತ್ತದೆ. ಅನುಮಾನವಿದ್ದರೆ ಅಲ್ಟ್ರಾಸೌಂಡ್. ಗಟ್ಟಿಯಾಗಿ ಕೆಂಪಾಗಿರುವುದನ್ನು ಕೊಯ್ದರೆ ರಕ್ತ ಬರುತ್ತದೆ ಹೊರತು ಕೀವಲ್ಲ. ಮರಗಟ್ಟಿಸುವ ಔಷಧವಾದ ಲಿಗ್ನೋಕೇನನ್ನು ಗೂಡಿನೊಳಕ್ಕೆ ಚುಚ್ಚಿದರೆ ಹತ್ತುವುದಿಲ್ಲ, ಕೀವಿನ ಹುಳಿ ಅದನ್ನು ಕೆಲಸ ಮಾಡಲು ಬಿಡದು. ಸುತ್ತಲಿನ ಆರೋಗ್ಯವಂತ ಚರ್ಮದಲ್ಲಿ ಉಂಗುರದಂತೆ ಹಾಕಬೇಕು, ಅಡ್ರಿನಲಿನ್ ಇಲ್ಲದ್ದಾದರೆ ಕೆ.ಜಿ.ಗೆ 3 ಮಿ.ಗ್ರಾಂ ಮೀರದಂತೆ. ಕೊಯ್ತ ಮೆತ್ತಗಿರುವ ಭಾಗದ ಪೂರ್ತಿ ಉದ್ದಕ್ಕೆ ಇರಬೇಕು. ಸೂಜಿಮೊನೆಯಷ್ಟು ತೂತು ಮಾಡಿ ಹಿಂಡಿ ಕಳಿಸಿದರೆ ಎರಡು ದಿನಕ್ಕೆ ಬಾಯಿ ಮುಚ್ಚಿ ಮತ್ತೆ ತುಂಬುತ್ತದೆ, "ಆಂಟಿಬಯಾಟಿಕ್ ಕೆಲಸ ಮಾಡಲಿಲ್ಲ" ಎಂಬ ಪ್ರಕರಣಗಳಲ್ಲಿ ನೋಡಬೇಕಾದ ಮೊದಲ ಕಾರಣ ಇದೇ. ಚಿಮಟ ಹಾಕಿ ಒಳಗಿನ ಅಡ್ಡಗೋಡೆಗಳನ್ನು ಒಡೆದು, ಸಲೈನ್‌ನಲ್ಲಿ ತೊಳೆದು, ಬಾಯಿ ತೆರೆದಿರಲು ಬೇಕಾದಷ್ಟೇ ಗಾಜ್ ಸಡಿಲವಾಗಿಡಿ. 5 ಸೆಂ.ಮೀ.ಗಿಂತ ಚಿಕ್ಕದಕ್ಕೆ ಗಾಜ್ ತುರುಕುವ ಅಗತ್ಯವೇ ಇಲ್ಲ, ನೋವು ಮಾತ್ರ ಲಾಭ. 48 ಗಂಟೆಗೆ ಮತ್ತೆ ನೋಡಬೇಕು.

ಕಲ್ಚರ್‌ಗೆ ಮಾದರಿ ತೆಗೆಯುವ ಹೊತ್ತು ಇದೇ. ಒಡೆಯುವ ಮುನ್ನ ಚರ್ಮ ಶುಚಿ ಮಾಡಿ ಸಿರಿಂಜ್‌ನಲ್ಲಿ 1-2 ಮಿ.ಲೀ. ಕೀವು ಎಳೆಯಿರಿ. ಒಡೆದು ಎರಡು ದಿನವಾದ ಗಾಯದ ಮೇಲ್ಮೈಯನ್ನು ಸ್ವಾಬ್‌ನಿಂದ ಒರೆಸಿ ಕಳಿಸಿದರೆ ಚರ್ಮದ ಮೇಲೆ ವಾಸವಿರುವುದೆಲ್ಲ ಬೆಳೆಯುತ್ತದೆ. ಮೊದಲ ಡೋಸ್ ಮಾತ್ರೆಗೂ ಮುಂಚೆ ತೆಗೆಯಬೇಕು, ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು.

ಅಂಗಡಿಗೆ ಬಂದವರಿಗೆ ತಪ್ಪದೆ ಹೇಳಬೇಕಾದದ್ದು: ಮೂಗಿನ ಬುಡದಿಂದ ಬಾಯಿಯ ಎರಡು ಮೂಲೆಗಳವರೆಗಿನ ಜಾಗದಲ್ಲಿ ಎದ್ದ ಕುರುವನ್ನು ಹಿಂಡಬಾರದು. ಅಲ್ಲಿನ ರಕ್ತನಾಳಗಳಿಗೆ ತಲೆಬುರುಡೆಯೊಳಗೆ ರಕ್ತ ಹರಿಯುವ ಕುಹರವಾದ ಕ್ಯಾವರ್ನಸ್ ಸೈನಸ್‌ಗೆ ದಾರಿಯಿದೆ. ಕುತ್ತಿಗೆ, ಕಂಕುಳು, ತೊಡೆಸಂದಿನ ಗಡ್ಡೆ ನಾಡಿಯಂತೆ ಬಡಿಯುತ್ತಿದ್ದರೆ ಸ್ಕ್ಯಾನ್ ಇಲ್ಲದೆ ಯಾರೂ ಬ್ಲೇಡ್ ಮುಟ್ಟಬಾರದು. ಗುದದ್ವಾರದ ಸುತ್ತಿನದು ನೇರ ಸರ್ಜನ್ ಹತ್ತಿರ. ಬಾಣಂತಿಯ ಎದೆಬಾವಿಗೆ ಸ್ಕ್ಯಾನ್ ನೋಡಿಕೊಂಡು ಸೂಜಿಯಲ್ಲಿ ಕೀವು ಎಳೆಯುವುದು ವಾಸಿ, ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ. ಸುಣ್ಣ-ಬೆಲ್ಲ ಹಚ್ಚುವವರಿದ್ದಾರೆ. ಸುಣ್ಣ ಚರ್ಮ ಸುಡುತ್ತದೆ, ಮಧುಮೇಹಿಗಳಿಗಂತೂ ಬೇಡವೇ ಬೇಡ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ದಿನಕ್ಕೆ ಮೂರು-ನಾಲ್ಕು ಸಲ ಕೊಡಲಿ, ಅಡ್ಡಿಯಿಲ್ಲ.

ಮಾತ್ರೆಯ ವಿಚಾರ: ಸಣ್ಣ ಕುರು, ಜ್ವರವಿಲ್ಲ, ಸುತ್ತ ಕೆಂಪು ಹಬ್ಬಿಲ್ಲ, ಮಧುಮೇಹವಿಲ್ಲ ಅಂದರೆ ಚೆನ್ನಾಗಿ ಬಸಿದ ಮೇಲೆ ನನ್ನ ಮಟ್ಟಿಗೆ ಮಾತ್ರೆ ಬೇಡ.

---

ಮೂರನೇ ವಾರ್ಡ್ (ಇಂಟರ್ನಲ್ ಮೆಡಿಸಿನ್) ಉತ್ತರ:

ಕತ್ತರಿ ಚಿಮಟ ಅವರ ಕೊನೆಯ ಸಾಲನ್ನು ಪೂರ್ತಿ ಒಪ್ಪಲಾರೆ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕುರು ಬಸಿದ ನಂತರ 7 ದಿನ ಕೋಟ್ರೈಮಾಕ್ಸಜೋಲ್ ಪಡೆದವರಲ್ಲಿ ಶೇ 80.5, ಡಮ್ಮಿ ಮಾತ್ರೆ ಪಡೆದವರಲ್ಲಿ ಶೇ 73.6 ವಾಸಿಯಾದರು. ಇದನ್ನು ಎರಡೂ ಕಡೆಯಿಂದ ಓದಬಹುದು. ಮಾತ್ರೆಯಿಲ್ಲದೆ ನಾಲ್ವರಲ್ಲಿ ಸುಮಾರು ಮೂವರು ವಾಸಿಯಾಗುತ್ತಾರೆ, ಮಾತ್ರೆಯಿಂದ ನೂರಕ್ಕೆ ಏಳು ಮಂದಿಗೆ ಹೆಚ್ಚುವರಿ ಲಾಭ. ಕೆಂಪು ಹಬ್ಬುತ್ತಿದ್ದರೆ, ಜ್ವರವಿದ್ದರೆ, ಮಧುಮೇಹ ಅಥವಾ ಸ್ಟಿರಾಯ್ಡ್ ಚಿಕಿತ್ಸೆ ಇದ್ದರೆ, ತೀರಾ ಎಳೆಯರೋ ವೃದ್ಧರೋ ಆಗಿದ್ದರೆ, ಹಲವು ಕಡೆ ಎದ್ದಿದ್ದರೆ, ಮುಖ, ಕೈ ಅಥವಾ ಗುಪ್ತಾಂಗದಲ್ಲಿದ್ದರೆ ಮಾತ್ರೆ ಬೇಕೇ ಬೇಕು. ಉಳಿದವರಲ್ಲಿ ವೈದ್ಯರ ವಿವೇಚನೆ.

ಈಗ ಎಸ್‌ಗಳ ನಡುವೆ ಆಯ್ಕೆ. ಈ ವರದಿಯವರು ವಯಸ್ಕರು, ಬಾಯಲ್ಲಿ ಔಷಧ ತೆಗೆದುಕೊಳ್ಳಬಲ್ಲರು ಎಂದಾದರೆ ಮೊದಲ ಸಾಲಿನಲ್ಲಿ ಬರುವುದು ಕೋಟ್ರೈಮಾಕ್ಸಜೋಲ್ ಡಿಎಸ್ (160+800 ಮಿ.ಗ್ರಾಂ) ದಿನಕ್ಕೆರಡು ಸಲ ಒಂದರಿಂದ ಎರಡು ಮಾತ್ರೆ, ಅಥವಾ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಸಲ. 5ರಿಂದ 7 ದಿನ ಸಾಕು. ಡಿ-ಟೆಸ್ಟ್ ನೆಗೆಟಿವ್ ಬಂದಿದ್ದರೆ ಕ್ಲಿಂಡಾಮೈಸಿನ್ 300-450 ಮಿ.ಗ್ರಾಂ ದಿನಕ್ಕೆ ಮೂರು ಸಲವೂ ಆಗುತ್ತದೆ. ಹಳೆಯ, ಅಗ್ಗದ ಮಾತ್ರೆ ಅಂದ ಕೂಡಲೇ ಕೆಲವರ ಮುಖ ಸಪ್ಪಗಾಗುತ್ತದೆ, ಆದರೆ ಇಲ್ಲಿ ಅವೇ ಸರಿ.

ಲಿನೆಜೊಲಿಡ್ 600 ಮಿ.ಗ್ರಾಂ ದಿನಕ್ಕೆರಡು ಸಲ. ಬಾಯಲ್ಲಿ ಕೊಟ್ಟರೂ ಇಂಜೆಕ್ಷನ್‌ನಷ್ಟೇ ರಕ್ತಕ್ಕೆ ಸೇರುತ್ತದೆ, ಒಳ್ಳೆಯ ಔಷಧ. ಅದಕ್ಕೇ ಎತ್ತಿಡಬೇಕು. ಔಷಧಕ್ಕೆ ಬಗ್ಗದ ಕ್ಷಯದ ಚಿಕಿತ್ಸೆ ನಮ್ಮ ದೇಶದಲ್ಲಿ ಬಹುಪಾಲು ಇದರ ಮೇಲೆ ನಿಂತಿದೆ. ಎರಡು ವಾರ ಸಮೀಪಿಸುತ್ತಿದ್ದಂತೆ ಪ್ಲೇಟ್‌ಲೆಟ್ ಇಳಿಯತೊಡಗುತ್ತದೆ, ವಾರಕ್ಕೊಮ್ಮೆ ರಕ್ತಪರೀಕ್ಷೆ ಬೇಕು. ಎಸ್ಸಿಟಾಲೊಪ್ರಾಮ್, ಸರ್ಟ್ರಲಿನ್, ಟ್ರಮಡಾಲ್ ಜೊತೆ ಸೇರಿದರೆ ಸೆರೊಟೊನಿನ್ ಏರಿ ನಡುಕ, ಬೆವರು, ಗಲಿಬಿಲಿ ಬರಬಹುದು. ಇದನ್ನು ಹಿಡಿಯುವ ಕೊನೆಯ ಅವಕಾಶ ಔಷಧಿ ಅಂಗಡಿಯ ಕೌಂಟರ್‌ನಲ್ಲೇ ಇರುತ್ತದೆ.

ರಿಫಾಂಪಿಸಿನ್ ಎಸ್ ಇದ್ದರೂ ಒಂಟಿಯಾಗಿ ಎಂದೂ ಕೊಡಬಾರದು. ಒಂದೇ ಒಂದು ಮ್ಯುಟೇಶನ್‌ಗೆ ಪ್ರತಿರೋಧ ಬಂದುಬಿಡುತ್ತದೆ, ಒಳಗೆ ಅಡಗಿದ್ದ ಕ್ಷಯವಿದ್ದರೆ ಅದೂ ರಿಫಾಂಪಿಸಿನ್‌ಗೆ ಬಗ್ಗದಂತಾಗುವ ಅಪಾಯವಿದೆ. ವ್ಯಾಂಕೊಮೈಸಿನ್ ಕ್ಯಾಪ್ಸೂಲ್ ಚರ್ಮದ ಸೋಂಕಿಗೆ ದಂಡ. ಕರುಳಿನಿಂದ ರಕ್ತಕ್ಕೆ ಹೋಗುವುದೇ ಇಲ್ಲ. ನಾಳಕ್ಕೆ ಕೊಡುವಾಗ ಕೆ.ಜಿ.ಗೆ 15-20 ಮಿ.ಗ್ರಾಂ, ಮೂತ್ರಪಿಂಡ ಸರಿಯಿದ್ದರೆ 8ರಿಂದ 12 ಗಂಟೆಗೊಮ್ಮೆ. 1 ಗ್ರಾಂಗೆ ಕನಿಷ್ಠ 60 ನಿಮಿಷ ಹರಿಸಬೇಕು, ಆತುರಪಟ್ಟರೆ ಮುಖ-ಎದೆ ಕೆಂಪಾಗಿ ತುರಿಕೆ ಏಳುತ್ತದೆ. ಅದು ಅಲರ್ಜಿಯಲ್ಲ, ವೇಗದ ತಪ್ಪು. ಡ್ಯಾಪ್ಟೊಮೈಸಿನ್ ಎಸ್ ಎಂದಿದ್ದರೂ ನ್ಯುಮೋನಿಯಾಕ್ಕೆ ಬಳಸುವಂತಿಲ್ಲ, ಶ್ವಾಸಕೋಶದ ಸರ್ಫ್ಯಾಕ್ಟೆಂಟ್ ಅದನ್ನು ನಿಷ್ಕ್ರಿಯ ಮಾಡುತ್ತದೆ.

ಕೀವೇ ಇಲ್ಲದೆ ಕಾಲು ಕೆಂಪಾಗಿ ಊದಿದ್ದರೆ ಅದು ಬಹುತೇಕ ಸ್ಟ್ರೆಪ್ಟೊಕಾಕಸ್. ಅಲ್ಲಿ ಸೆಫಲೆಕ್ಸಿನ್, ಅಮಾಕ್ಸಿಸಿಲಿನ್ ಇಂದಿಗೂ ಗಟ್ಟಿ, ಎಂಆರ್‌ಎಸ್‌ಎ ಭಯಕ್ಕೆ ಲಿನೆಜೊಲಿಡ್ ಬರೆಯುವುದು ಅತಿಯಾಯಿತು. ಹಾಗೆಯೇ ವರದಿಯಲ್ಲಿ ಸೆಫಾಕ್ಸಿಟಿನ್ ಎಸ್ ಬಂದರೆ, ಅಂದರೆ ಎಂಆರ್‌ಎಸ್‌ಎ ಅಲ್ಲದಿದ್ದರೆ, ಕ್ಲಾಕ್ಸಸಿಲಿನ್, ಸೆಫಜೋಲಿನ್‌ಗಳೇ ವ್ಯಾಂಕೊಮೈಸಿನ್‌ಗಿಂತ ಚೆನ್ನಾಗಿ ಕೊಲ್ಲುತ್ತವೆ. "ದೊಡ್ಡ ಔಷಧ"ಕ್ಕೆ ಹೋದರೆ ರೋಗಿಗೇ ನಷ್ಟ.

ರಕ್ತದ ಕಲ್ಚರ್‌ನಲ್ಲಿ ಆರಿಯಸ್ ಒಂದೇ ಬಾಟಲಿಯಲ್ಲಿ ಬೆಳೆದರೂ ಅದನ್ನು "ಕಲಬೆರಕೆ" ಎಂದು ತಳ್ಳಿಹಾಕಬಾರದು. ಎಕೋ ಮಾಡಿಸಿ ಹೃದಯದ ಕವಾಟ ನೋಡಬೇಕು, ನೆಗೆಟಿವ್ ಬರುವ ತನಕ ಒಂದೆರಡು ದಿನಕ್ಕೊಮ್ಮೆ ಕಲ್ಚರ್ ಮರಳಿ ಮಾಡಬೇಕು. ಮೊದಲ ನೆಗೆಟಿವ್ ದಿನದಿಂದ ಎಣಿಸಿ ಕನಿಷ್ಠ 14 ದಿನ, ತೊಡಕಿದ್ದರೆ 4ರಿಂದ 6 ವಾರ ಚಿಕಿತ್ಸೆ. ಜ್ವರ ಬಿಟ್ಟಿತೆಂದು ಐದನೇ ದಿನ ಡಿಸ್ಚಾರ್ಜ್ ಆಗಿ ಹೋದವರಲ್ಲಿ ಸೋಂಕು ಆಮೇಲೆ ಬೆನ್ನುಮೂಳೆಯಲ್ಲಿ ತಲೆ ಎತ್ತುವುದುಂಟು.

ಅಂಗಡಿಯಿಂದಲೇ ಆಸ್ಪತ್ರೆಗೆ ಓಡಿಸಬೇಕಾದ ಲಕ್ಷಣಗಳು: ಚಳಿ-ಜ್ವರ, ಗಂಟೆಗಂಟೆಗೂ ಹಬ್ಬುವ ಕೆಂಪು, ಕಣ್ಣಿಗೆ ಕಾಣುವುದಕ್ಕಿಂತ ವಿಪರೀತ ನೋವು, ಚರ್ಮ ಕಪ್ಪಾಗುವುದು, ರೆಪ್ಪೆ ಊದುವುದು, ಕುರುವಿನ ಜೊತೆ ಹೊಸ ಬೆನ್ನುನೋವು, ಫ್ಲೂ ನಂತರ ಏದುಸಿರು ಮತ್ತು ರಕ್ತ ಬೆರೆತ ಕಫ, ಮಂಕು.

---

ಕೈ ತೊಳೆಯಿರಿ (ಸೋಂಕು ನಿಯಂತ್ರಣ, ನರ್ಸಿಂಗ್) ಉತ್ತರ:

ಉಷ್ಣದ ಪ್ರಶ್ನೆಗೆ: ಮಾವಿನಹಣ್ಣು ಕುರು ಎಬ್ಬಿಸುವುದಿಲ್ಲ. ಮಾವಿನ ಕಾಲ ಬೆವರಿನ ಕಾಲವೂ ಹೌದು. ಬೆವರು, ಬಿಗಿ ಬಟ್ಟೆ, ತುರಿಸಿಕೊಂಡ ಸೆಕೆಗುಳ್ಳೆ ಇವೆಲ್ಲ ಸೇರಿ ಚರ್ಮದಲ್ಲಿ ಬಾಗಿಲು ತೆರೆಯುತ್ತವೆ. ಬ್ಯಾಕ್ಟೀರಿಯಾ ಮೊದಲೇ ಮನೆಯಲ್ಲಿರುತ್ತದೆ, ಸುಮಾರು ಹತ್ತರಲ್ಲಿ ಮೂವರ ಮೂಗಿನಲ್ಲಿ ಆರಿಯಸ್ ವಾಸವಿದೆ. ನಂಜಾಗುತ್ತದೆಂದು ಬದನೆಕಾಯಿ ಬಿಡಿಸುವ ಬದಲು ಸಕ್ಕರೆ ಪರೀಕ್ಷೆ ಮಾಡಿಸಿ. ಪದೇ ಪದೇ ಕುರು ಏಳುವವರಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) ನೋಡದೆ ಮುಂದುವರಿಯಬಾರದು.

ಮನೆಯವರಿಗೆ: ಗಾಯ ಮುಚ್ಚಿರಲಿ, ಕೀವು ಬ್ಯಾಂಡೇಜ್ ದಾಟಿ ಒಸರದಿದ್ದರೆ ಮಗು ಶಾಲೆಗೆ ಹೋಗಬಹುದು, ದೊಡ್ಡವರು ಕೆಲಸಕ್ಕೆ ಹೋಗಬಹುದು. ಬೇರೆ ಕೋಣೆ, ಬೇರೆ ತಟ್ಟೆ ಬೇಡ. ಬೇರೆಯಾಗಬೇಕಾದದ್ದು ಟವೆಲ್, ರೇಜರ್, ಮೈಯುಜ್ಜುವ ಬಟ್ಟೆ, ಬಾಚಣಿಗೆ. ಬಾತ್‌ರೂಮಿನ ಮೊಳೆಗೆ ಸದಾ ತೇವವಾಗಿ ನೇತಾಡುವ ಮನೆಮಂದಿಯ ಒಂದೇ ಟವೆಲ್‌ನಿಂದಲೇ ಸಾಕಷ್ಟು ಹರಡುವಿಕೆ. ದಿನಾ ಬದಲಿಸಿ, ಬಿಸಿನೀರು-ಡಿಟರ್ಜೆಂಟ್‌ನಲ್ಲಿ ಒಗೆದು, ಬಿಸಿಲಿಗೆ ಪೂರ್ತಿ ಒಣಗಿಸಲಿ. ಕಬಡ್ಡಿ, ಜಿಮ್, ಗರಡಿ ಮನೆಯವರು ಗಾಯ ಒಣಗುವ ತನಕ ಅಖಾಡಕ್ಕೆ ಇಳಿಯಬಾರದು, ಅಲ್ಲಿ ಬ್ಯಾಂಡೇಜ್ ನಿಲ್ಲುವುದಿಲ್ಲ.

ನೆಲ-ನಲ್ಲಿ ಒರೆಸಲು ಶೇ 0.1ರ ಹೈಪೊಕ್ಲೋರೈಟ್ ಸಾಕು. ಶೇ 5ರ ದ್ರಾವಣ 20 ಮಿ.ಲೀ. ತೆಗೆದುಕೊಂಡು ನೀರು ಸೇರಿಸಿ ಒಟ್ಟು 1 ಲೀಟರ್ ಮಾಡಿ. ಆಯಾ ದಿನವೇ ಕಲಸಬೇಕು, ನಿನ್ನೆಯದು ಸತ್ವ ಕಳೆದುಕೊಂಡಿರುತ್ತದೆ. ಟಾಯ್ಲೆಟ್ ಆಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಆರು ತಿಂಗಳಲ್ಲಿ ಮೂರ್ನಾಲ್ಕು ಸಲ ಎದ್ದರೆ, ಅಥವಾ ಮನೆಯಲ್ಲಿ ಸರದಿಯಂತೆ ಬರುತ್ತಿದ್ದರೆ ಮೂಗು ಮತ್ತು ಚರ್ಮದಿಂದ ಅದನ್ನು ಇಳಿಸುವ ಕ್ರಮವಿದೆ. ಎದ್ದಿರುವ ಕುರು ವಾಸಿಯಾದ ನಂತರ, ಮನೆಯವರೆಲ್ಲ ಒಂದೇ ವಾರದಲ್ಲಿ. ಮ್ಯುಪಿರೋಸಿನ್ ಶೇ 2 ಬೆಂಕಿಕಡ್ಡಿಯ ತಲೆಯಷ್ಟು, ಎರಡೂ ಹೊಳ್ಳೆಗೆ, ದಿನಕ್ಕೆರಡು ಸಲ, 5 ದಿನ. ಹಚ್ಚಿ ಮೂಗನ್ನು ಹಿಡಿದು ಒತ್ತಬೇಕು. ಮೂಗಿಗೆಂದೇ ಮಾಡಿದ ಮುಲಾಮಿಗೆ ಪ್ಯಾರಾಫಿನ್ ಆಧಾರ. ಚರ್ಮದ ಮುಲಾಮಿನ ಪಾಲಿಎಥಿಲಿನ್ ಗ್ಲೈಕಾಲ್ ಆಧಾರ ಮೂಗಿನೊಳಗೆ ಉರಿಸುತ್ತದೆ, ಡಬ್ಬಿಯ ಬರಹ ನೋಡಿ ಕೊಡಿ. ಜೊತೆಗೆ ಶೇ 4ರ ಕ್ಲೋರ್‌ಹೆಕ್ಸಿಡಿನ್ ಸ್ನಾನ, 5 ದಿನ. ಬಕೆಟ್ ಸ್ನಾನದಲ್ಲಿ ಎಡವುವುದು ಇಲ್ಲೇ: ಬಕೆಟ್ ನೀರಿಗೆ ಸುರಿದರೆ ತೆಳುವಾಗಿ ಕೆಲಸಕ್ಕೆ ಬರುವುದಿಲ್ಲ. ಮೈ ಒದ್ದೆ ಮಾಡಿಕೊಂಡು, ಸುಮಾರು 25 ಮಿ.ಲೀ. ನೇರ ಕೈಗೆ ಹಾಕಿಕೊಂಡು ಕುತ್ತಿಗೆಯಿಂದ ಕೆಳಗೆ ಹಚ್ಚಬೇಕು. ಕಂಕುಳು, ತೊಡೆಸಂದು, ಪೃಷ್ಠದ ಸಂದು ಮರೆಯದೆ ಎರಡು ನಿಮಿಷ ಬಿಟ್ಟು ತೊಳೆಯಬೇಕು. ಆಮೇಲೆ ಸಾಮಾನ್ಯ ಸೋಪು ಹಚ್ಚಿದರೆ ಉಳಿದ ಪರಿಣಾಮವೂ ಹೋಗುತ್ತದೆ. ಕಣ್ಣು, ಕಿವಿಯೊಳಗೆ ಬೀಳಬಾರದು. ಅದೇ ಐದು ದಿನ ಟವೆಲ್, ಹಾಸಿಗೆ ಹೊದಿಕೆ, ಒಳಉಡುಪು ದಿನಾ ಬದಲಾಗದಿದ್ದರೆ ಇದೆಲ್ಲ ವ್ಯರ್ಥ.

ಹಾಸ್ಟೆಲ್ ಮಕ್ಕಳಲ್ಲಿ ಸಾಲುಸಾಲಾಗಿ ಕೀವುಗುಳ್ಳೆ ಎದ್ದರೆ ಮೊದಲು ಬೆರಳ ಸಂದು ನೋಡಿ. ಕಜ್ಜಿ ಇದ್ದರೆ ಪರ್ಮೆಥ್ರಿನ್ ಶೇ 5 ಕುತ್ತಿಗೆಯಿಂದ ಕೆಳಗೆ ರಾತ್ರಿಯಿಡೀ, ಒಂದು ವಾರದ ನಂತರ ಇನ್ನೊಮ್ಮೆ, ಕೋಣೆಯವರೆಲ್ಲರಿಗೂ. ತುರಿಕೆ ನಿಲ್ಲದೆ ಸ್ಟ್ಯಾಫ್ ನಿಲ್ಲುವುದಿಲ್ಲ. ಇನ್ನೊಂದು ಮನವಿ ಅಂಗಡಿಯವರಿಗೆ: ಸ್ಟಿರಾಯ್ಡ್, ಆಂಟಿಬಯಾಟಿಕ್, ಫಂಗಸ್ ಔಷಧ ಮೂರೂ ಬೆರೆತ ಆ ಟ್ಯೂಬುಗಳನ್ನು ಕುರುವಿಗೆ ಕೈಗೆತ್ತಿ ಕೊಡಬೇಡಿ. ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಕೀವು ಬೆಳೆಯುತ್ತಿರುತ್ತದೆ.

---

ಮದ್ದಿನಂಗಡಿ ಮತ್ತೆ:

ಎಲ್ಲರಿಗೂ ವಂದನೆ. ಕೌಂಟರ್‌ನಲ್ಲಿ ಹೇಳುವ ಎಚ್ಚರಿಕೆಗಳನ್ನು ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ. ಡಾಕ್ಸಿಸೈಕ್ಲಿನ್: ದೊಡ್ಡ ಲೋಟ ನೀರಿನ ಜೊತೆ, ನುಂಗಿ ಅರ್ಧ ಗಂಟೆ ಮಲಗಬಾರದು, ಹಾಲು, ಕಬ್ಬಿಣದ ಮಾತ್ರೆ, ಆಂಟಾಸಿಡ್‌ಗೆ ಎರಡು ಗಂಟೆ ಅಂತರ, ಗರ್ಭಿಣಿಗೆ ಬೇಡ. ಕೋಟ್ರೈಮಾಕ್ಸಜೋಲ್: ಸಲ್ಫಾ ಅಲರ್ಜಿ ಕೇಳುವುದು, ಮೈಮೇಲೆ ದದ್ದು ಎದ್ದರೆ ತಕ್ಷಣ ನಿಲ್ಲಿಸಿ ಡಾಕ್ಟರನ್ನು ಕಾಣುವುದು. ಕ್ಲಿಂಡಾ: ನೀರಾಗಿ ಭೇದಿಯಾದರೆ ನಿಲ್ಲಿಸಿ ತಿಳಿಸುವುದು. ಗ್ರಾಮೀಣ ಭಾಗದಿಂದ ಬಂದ ಪ್ರಶ್ನೆ ಇನ್ನೊಂದಿದೆ: ಕೈಗೆ ಕುರು ಎದ್ದವರು ಹಾಲು ಕರೆಯಬಹುದೇ?

---

ಕೊಟ್ಟಿಗೆ ಡಾಕ್ಟರ್ (ಪಶುವೈದ್ಯ) ಉತ್ತರ:

ಕರೆಯದಿರುವುದೇ ಸರಿ. ಬೇರೆ ದಾರಿಯಿಲ್ಲದಿದ್ದರೆ ಗಾಯ ಮುಚ್ಚಿ, ಕೈಗವಸು ಹಾಕಿ. ಕೆಚ್ಚಲು ಬಾವಿಗೆ ಮುಖ್ಯ ಕಾರಣಗಳಲ್ಲಿ ಆರಿಯಸ್ ಒಂದು, ಒಮ್ಮೆ ಕೆಚ್ಚಲೊಳಗೆ ಗೂಡು ಕಟ್ಟಿದರೆ ಟ್ಯೂಬ್ ಔಷಧಕ್ಕೆ ಜಗ್ಗುವುದು ಕಡಿಮೆ. ಹಾಲು ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಕರೆದ ಹಾಲು ಬೆಚ್ಚಗೆ ಗಂಟೆಗಟ್ಟಲೆ ಕೂತು ಅದರಲ್ಲಿ ವಿಷ ಉತ್ಪತ್ತಿಯಾಗಿದ್ದರೆ ಆ ವಿಷ ಕುದಿಸಿದರೂ ಉಳಿಯುತ್ತದೆ, ಕುಡಿದ ಕೆಲವೇ ಗಂಟೆಯಲ್ಲಿ ವಾಂತಿ. ಬಾವಿರುವ ಹಸುವನ್ನು ಕೊನೆಗೆ ಕರೆಯಿರಿ, ಕರೆದಾದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸು ಅರ್ಧ ಗಂಟೆ ಮಲಗದಂತೆ ಮೇವು ಹಾಕಿ ನಿಲ್ಲಿಸಿ. ಟ್ಯೂಬ್ ಹಾಕಿದ ಹಸುವಿನ ಹಾಲನ್ನು ಲೇಬಲ್‌ನಲ್ಲಿ ಹೇಳಿದಷ್ಟು ದಿನ ಡೇರಿಗೆ ಹಾಕಬಾರದು, ಕರುವಿಗೂ ಕುಡಿಸಬಾರದು.

---

ಅಗರ್ ತಟ್ಟೆ ಮತ್ತೆ:

ಮದ್ದಿನಂಗಡಿ ಅವರ ಪಟ್ಟಿಗೆ ಎರಡು ಸೇರ್ಪಡೆ. ಕೋಟ್ರೈಮಾಕ್ಸಜೋಲ್ ಕೊಡುವಾಗ ಬಿ.ಪಿ. ಮಾತ್ರೆ ಯಾವುದೆಂದು ಕೇಳಿ. ಟೆಲ್ಮಿಸಾರ್ಟಾನ್, ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇದ್ದರೆ, ಅದರಲ್ಲೂ ವಯಸ್ಸಾದವರಲ್ಲಿ, ಪೊಟ್ಯಾಸಿಯಂ ಅಪಾಯಕಾರಿ ಮಟ್ಟಕ್ಕೆ ಏರಬಹುದು. ಮೆಥೊಟ್ರೆಕ್ಸೇಟ್ ಇದ್ದರೆ ಕೊಡಲೇಬೇಡಿ, ವಾರ್ಫರಿನ್ ಇದ್ದರೆ ಬರೆದ ವೈದ್ಯರಿಗೆ ಫೋನ್ ಮಾಡಿ.

ಬೆಳೆದದ್ದರ ಹೆಸರನ್ನೂ ಪೂರ್ತಿ ಓದಿಸಿ. "ಕೊಯಾಗ್ಯುಲೇಸ್ ನೆಗೆಟಿವ್ ಸ್ಟ್ಯಾಫ್, ಮೆಥಿಸಿಲಿನ್ ಪ್ರತಿರೋಧಿ" ಎಂದಿದ್ದರೆ ಅದು ಎಂಆರ್‌ಎಸ್‌ಎ ಅಲ್ಲ, ಗಾಯದ ಸ್ವಾಬ್‌ನಲ್ಲಿ ಬಹುಪಾಲು ಚರ್ಮದ ಮಾಮೂಲಿ ನಿವಾಸಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಜಾಲದ ಈಚಿನ ವರದಿಗಳಲ್ಲಿ ಆರಿಯಸ್ ಪೈಕಿ ಶೇ 40ಕ್ಕೂ ಹೆಚ್ಚು ಎಂಆರ್‌ಎಸ್‌ಎ ಎಂದಿರುವುದು ದೊಡ್ಡ ಆಸ್ಪತ್ರೆಗಳ ಲೆಕ್ಕ, ತಾಲ್ಲೂಕಿನ ಪ್ರತಿ ಕುರುವಿಗೂ ಅದನ್ನು ಹಚ್ಚಬೇಡಿ. ಗಾಯ ಒಣಗಿದ ಮೇಲೆ "ನೆಗೆಟಿವ್ ಆಯ್ತಾ" ಎಂದು ಮತ್ತೆ ಕಲ್ಚರ್ ಮಾಡಿಸುವ ಅಗತ್ಯವೂ ಇಲ್ಲ.